ಕುಲಶೇಖರಕ್ಕೆ ಹೋಗುತ್ತಿದ್ದ ಸ್ಕೂಟರು

ಕಳೆದ ತಿಂಗಳು ಕೊಟ್ಟಾರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಳೆಯ ಸ್ಕೂಟರೊಂದರ ಹೊಗೆ ಮೂಗಿಗೆ ಬಡಿಯಿತು. ಈಗಿನ ಗಾಡಿಗಳ ಹೊಗೆಯಲ್ಲ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿದ್ದ ಕಾಲದ ನೀಲಿ ಹೊಗೆ. ಗ್ಯಾರೇಜಿನ ಎದುರು ಒಬ್ಬ ಯುವಕ ಚೋಕ್ ಎಳೆದು, ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುತ್ತಿದ್ದ. ಹಳೆ ಗಾಡಿಗೆ ಬಣ್ಣ ಬಳಿದು ಓಡಿಸುವುದು ಈಗ ದೊಡ್ಡ ಶೋಕಿಯಂತೆ. ಬೆಳಗಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ನನ್ನ ಬಸ್ಸು ಬಂತು, ಹೋಯಿತು. ನಾನು ಮಾತ್ರ ಅಲ್ಲೇ ನಿಂತಿದ್ದೆ...

ನನ್ನ ಸೋದರಮಾವ ಕೂಡ ಹೀಗೆಯೇ ವಾಲಿಸುತ್ತಿದ್ದರು. ಅಮ್ಮನ ಅಣ್ಣ. ಹಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತರು. ಜೆಪ್ಪಿನ ನಮ್ಮ ಮನೆಯಲ್ಲಿ ಅಜ್ಜಿ, ಅಮ್ಮ, ಅಣ್ಣ, ನಾನು ಮತ್ತು ಅವರು. ಅರುವತ್ತರ ದಶಕದ ಮೊದಮೊದಲ ವರ್ಷಗಳು. ಹೊಸ ಸ್ಕೂಟರಿಗೆ ಹೆಸರು ಬರೆಸಿದವರ ತಲೆ ನರೆಯುತ್ತಿದ್ದ ಕಾಲ ಅದು. ಮದ್ರಾಸಿಗೆ ವರ್ಗವಾಗಿ ಹೊರಟ ಅಧಿಕಾರಿಯೊಬ್ಬರು ತಮ್ಮ ಹಳೆ ಸ್ಕೂಟರನ್ನು ಮಾವನಿಗೆ ಮಾರಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ನಮ್ಮ ಅಂಗಳಕ್ಕೆ ಬಂತು. ಬೀದಿಯ ಜನವೆಲ್ಲ ಬಂದು ನೋಡಿದರು. ಅಜ್ಜಿ ಮಾತ್ರ ಜಗಲಿಯಿಂದ ಕೆಳಗಿಳಿಯಲಿಲ್ಲ. ಅಲ್ಲಿಂದಲೇ ಕೇಳಿದ್ದು ಒಂದೇ ಪ್ರಶ್ನೆ: ಇದರ ಹಿಂದೆ ಕೂರಿಸಿಕೊಂಡು ಹೋಗುವುದು ಯಾರನ್ನು?

ನಮ್ಮ ಮನೆಯ ಕಟ್ಟಳೆ ಗೊತ್ತಿಲ್ಲದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮದು ಅಳಿಯಸಂತಾನದ ಮನೆ. ಗಂಡಸು ದುಡಿಯುವುದು ಅಕ್ಕತಂಗಿಯರ ಮಕ್ಕಳಿಗಾಗಿ, ಇರುವುದು ಅವರ ಜೊತೆ. ಹೆಂಡತಿ ಮಕ್ಕಳು ಅವಳ ತಾಯಿ ಮನೆಯಲ್ಲಿ. ಗಂಡನಾದವನು ಶನಿವಾರ ಸಂಜೆ ಅಲ್ಲಿಗೆ ಹೋಗಿ ಸೋಮವಾರ ಬೆಳಿಗ್ಗೆ ತಿರುಗಿ ಬರಬೇಕು. ಮಾಮಿ, ಅಂದರೆ ಮಾವನ ಹೆಂಡತಿ, ಮಗಳೊಂದಿಗೆ ಊರಿನ ಇನ್ನೊಂದು ತುದಿಯ ಕುಲಶೇಖರದಲ್ಲಿದ್ದರು. ನನ್ನ ಅಪ್ಪ ಮೂಲ್ಕಿಯ ಕಡೆ ತನ್ನ ಅಕ್ಕನ ಮನೆಯಲ್ಲಿದ್ದು, ವಾರಕ್ಕೊಮ್ಮೆ ನೆಂಟರ ಹಾಗೆ ನಮ್ಮಲ್ಲಿಗೆ ಬರುತ್ತಿದ್ದರು. ನಮ್ಮ ಅಪ್ಪ ಬೇರೆ ಮಕ್ಕಳಿಗೆ ಮಾವ, ನಮ್ಮ ಮಾವ ಬೇರೆ ಮಗುವಿಗೆ ಅಪ್ಪ. ಇದರಲ್ಲಿ ವಿಚಿತ್ರವೇನಾದರೂ ಉಂಟು ಎಂದು ನಮಗೆ ಆಗ ತೋರುತ್ತಿರಲಿಲ್ಲ.

ಆದರೆ ಕಾಲ ಬದಲಾಗುತ್ತಿತ್ತು. ಹೊಸ ಕಾನೂನು ಬಂದಿತ್ತು. ಗಂಡಸರು ತಮ್ಮ ಪಾಲನ್ನು ಹೆಂಡತಿ ಮಕ್ಕಳಿಗೆ ಬರೆದು ಕೊಡಬಹುದಂತೆ ಎಂದು ಬಾವಿಕಟ್ಟೆಯಲ್ಲೂ ಮಾತಾಗುತ್ತಿತ್ತು. ನಮ್ಮ ಸಂಬಂಧದಲ್ಲೇ ಒಂದಿಬ್ಬರು ಗಂಟುಮೂಟೆ ಕಟ್ಟಿಕೊಂಡು ಹೆಂಡತಿಯ ಮನೆ ಸೇರಿದ್ದರು. ಮಾವನೂ ಹಾಗೆ ಹೊರಟುಬಿಟ್ಟರೆ? ಅಜ್ಜಿಗೆ ವಯಸ್ಸಾಗಿತ್ತು. ಅಣ್ಣನ ಓದು ಮುಗಿದಿರಲಿಲ್ಲ. ನನ್ನನ್ನು ಟೀಚರ್ ಟ್ರೈನಿಂಗಿಗೆ ಸೇರಿಸುವ ಮಾತು ನಡೆದಿತ್ತು. ಮನೆಗಿದ್ದ ಗಂಡು ದಿಕ್ಕು ಅವರೊಬ್ಬರೇ. ಹಾಗಾಗಿ ನಾವೆಲ್ಲ ಅವರನ್ನು ಎಷ್ಟು ಪ್ರೀತಿಸುತ್ತಿದ್ದೆವೋ ಅಷ್ಟೇ ಕಾವಲು ಕಾಯುತ್ತಿದ್ದೆವು.

ದೀಪಾವಳಿ ಕಳೆದು ಚಳಿ ಶುರುವಾಯಿತು. ಘಟ್ಟದ ಮೇಲಿನವರು ನಮ್ಮ ಚಳಿಯ ಸುದ್ದಿ ಕೇಳಿದರೆ ನಗುತ್ತಾರೆ, ನಗಲಿ. ವರ್ಷವಿಡೀ ಬೆವರುವವರಿಗೆ ಅಷ್ಟೇ ಸಾಕು, ಹಲ್ಲು ಕಟಕಟ ಅನ್ನುತ್ತದೆ. ಆ ಚಳಿಯಲ್ಲಿ ಮಾವ ವಾರದ ನಡುವೆಯೂ ಬೆಳ್ಳಂಬೆಳಿಗ್ಗೆ ಎದ್ದು ಸ್ಕೂಟರು ಹೊರಡಿಸತೊಡಗಿದರು. ಕಿವಿಗೆ ಮಫ್ಲರು, ಮೈಮೇಲೆ ಹಳೆ ಕೋಟು. ಚಳಿಗೆ ಇಂಜಿನ್ನು ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಪ್ಲಗ್ ಬಿಚ್ಚಿ ಉಜ್ಜುತ್ತಿದ್ದರು, ವಾಲಿಸುತ್ತಿದ್ದರು, ಒದೆಯುತ್ತಿದ್ದರು. ಕೊನೆಗೆ ಅಂಗಳವಿಡೀ ಹೊಗೆ ತುಂಬಿಸಿ ಗೇಟು ದಾಟುತ್ತಿದ್ದರು. ಆಫೀಸಿನ ಹೊತ್ತಿಗೆ ಮುಂಚೆ ತಿರುಗಿ ಬಂದು ನಮ್ಮ ಜೊತೆ ಕೂತು ತಿಂಡಿ ತಿನ್ನುತ್ತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಅಜ್ಜಿ ಕೇಳಿದರೆ, ಕುಲಶೇಖರದ ಕಡೆ, ಎನ್ನುತ್ತಿದ್ದರು. ಅಷ್ಟೇ. ಮುಂದಕ್ಕೆ ಒಂದಕ್ಷರ ಇಲ್ಲ.

ಅಜ್ಜಿಯ ನಿದ್ದೆ ಹಾರಿಹೋಯಿತು. ಶನಿವಾರ ಹೋಗುವುದು ಸರಿ, ದಿನಾ ಹೋಗುವುದೆಂದರೆ ಏನೋ ಸಾಗಿಸುತ್ತಿದ್ದಾನೆ ಎಂದೇ ಅರ್ಥ. ಇವತ್ತು ತೆಂಗಿನಕಾಯಿ, ನಾಳೆ ಕುಚ್ಚಲಕ್ಕಿ, ನಾಡಿದ್ದು ತಾನೇ. ಮಾವ ಸ್ನಾನಕ್ಕೆ ಹೋದ ಕೂಡಲೇ ಸ್ಕೂಟರಿನ ಪಕ್ಕದ ಡಬ್ಬಿಯ ಮುಚ್ಚಳ ತೆಗೆಸಿ ನೋಡುವುದು ಶುರುವಾಯಿತು. ಒಳಗೆ ಒಂದು ಚಿಂದಿ ಬಟ್ಟೆ, ಸ್ಪಾನರು, ಆಯಿಲಿನ ಬಾಟಲಿ. ಒಂದು ದಿನ ಮಾವ ಬಗ್ಗಿ ಚಪ್ಪಲಿ ಹಾಕುವಾಗ ಎದೆಯ ಹತ್ತಿರ ಕಾಗದ ಸರಬರ ಅಂದಿತು. ಕಾನೂನಿನ ಪತ್ರವೇ ಇರಬೇಕೆಂದು ಅಜ್ಜಿ ಹಣೆಗೆ ಕೈ ಇಟ್ಟು ಕೂತರು. ಅಮ್ಮ ಆಮೇಲೆ ಕೋಟು ತಡಕಿದರೆ ಸಿಕ್ಕಿದ್ದು ಹಳೆಯ ದಿನಪತ್ರಿಕೆ. ಗಾಳಿ ಎದೆಗೆ ಹೊಡೆಯದ ಹಾಗೆ ಕೋಟಿನೊಳಗೆ ಮಡಚಿ ಇಟ್ಟುಕೊಳ್ಳುತ್ತಿದ್ದರು, ಅಷ್ಟೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಅಮ್ಮ ನಕ್ಕರು. ಅಜ್ಜಿ ನಗಲಿಲ್ಲ.

ನಾನಾದರೂ ನಕ್ಕೆನೆ? ಇಲ್ಲ. ನಮ್ಮಲ್ಲಿ ಎಲ್ಲವೂ ಹೆಂಗಸರ ಕಡೆಯಿಂದ ಬರುವುದು. ಅಜ್ಜಿಯ ಸಂಶಯ ಅಮ್ಮನನ್ನು ದಾಟಿ ನೇರವಾಗಿ ನನಗೆ ಬಂದಿತ್ತು.

ಕೊನೆಗೆ ಅಜ್ಜಿ ನನ್ನನ್ನೇ ಕಳಿಸಿದರು. ಮಾಮಿಯ ಹತ್ತಿರ ರವಕೆಯ ಅಳತೆ ತರುವ ನೆಪ. ಮರುದಿನ ಬೆಳಿಗ್ಗೆ ನಾನು ಮಾವನ ಹಿಂದೆ ಸ್ಕೂಟರು ಹತ್ತಿದೆ. ಕಂಕನಾಡಿ ದಾಟಿದೆವು. ಚಳಿಗೆ ನನ್ನ ಬೆರಳು ಸೆಟೆದಿತ್ತು. ಮಾವ ತಲೆ ತಿರುಗಿಸದೆಯೇ ಕೇಳಿದರು.

"ಅಜ್ಜಿ ಕಳಿಸಿದ್ದಲ್ವಾ?"

ನಾನು ಸೀಟಿನ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

"ಅಡ್ಡಿಲ್ಲ ಮಾರಾಯ್ತಿ. ಬಂದದ್ದು ಬಂದಿ, ಸರೀ ನೋಡಿಕೊಂಡು ಹೋಗು."

ಕುಲಶೇಖರದ ಮನೆ ಒಂದು ಏರಿನ ಕೆಳಗಿತ್ತು. ಮಾಮಿ ಅಂಗಳಕ್ಕೆ ಬಂದು ನನ್ನ ಕೈ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಸ್ಕೂಟರಿನ ಡಬ್ಬಿ ತೆರೆದು ನೋಡಿದರು. ನನಗೆ ನಮ್ಮ ಅಜ್ಜಿಯೇ ಸೀರೆ ಬದಲಾಯಿಸಿ ಬಂದ ಹಾಗಾಯಿತು. ಮಾವನ ಮಗಳು ಒಳಗಿಂದ ಬಂದಳು. ಎಂಟು ಒಂಬತ್ತು ವರ್ಷದ ಸಣಕಲು ಹುಡುಗಿ, ಉಸಿರು ಎಳೆಯುವಾಗ ಎದೆಯಲ್ಲಿ ಸಿಳ್ಳೆ ಕೇಳುತ್ತಿತ್ತು. ಚಳಿಗಾಲ ಬಂದರೆ ಅವಳಿಗೆ ದಮ್ಮು. ಮಂಜಿನಲ್ಲಿ ಆ ಏರು ಹತ್ತಿ ಶಾಲೆಗೆ ನಡೆಯಲು ಆಗುತ್ತಿರಲಿಲ್ಲ. ಮಾವ ತನ್ನ ಮಫ್ಲರು ಬಿಚ್ಚಿ ಅವಳ ತಲೆಗೆ ಸುತ್ತಿದರು. ಎದುರು ನಿಲ್ಲಿಸಿದರೆ ಗಾಳಿ ಬಡಿಯುತ್ತದೆಂದು ಹಿಂದೆ ಕೂರಿಸಿ, ಅವಳ ಎರಡೂ ಕೈಗಳನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡರು. ಸ್ಕೂಟರು ಗುರುಗುಟ್ಟುತ್ತ ಏರು ಹತ್ತಿ ಮಂಜಿನೊಳಗೆ ಹೋಯಿತು. ಅವಳನ್ನು ಶಾಲೆಗೆ ಬಿಟ್ಟು ಬಂದು ನನ್ನನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಮಾಮಿ ನನಗೆ ಬಿಸಿ ಬನ್ಸ್ ಕೊಟ್ಟು ವಿಚಾರಣೆ ಶುರು ಮಾಡಿದರು. ಮಾವ ಮನೆಗೆ ಏನೆಲ್ಲ ತರುತ್ತಾರೆ, ಹಬ್ಬಕ್ಕೆ ಯಾರಿಗೆ ಸೀರೆ ತಂದರು, ಅಣ್ಣನ ಕೈಗಡಿಯಾರ ಯಾವಾಗ ತೆಗೆದದ್ದು. ನಡುವೆ ನನ್ನ ಕೈಗೆ ಕಣ್ಣು ಬಿತ್ತು.

"ಬಳೆ ಚಂದ ಉಂಟು. ಯಾರು ತೆಗೆದುಕೊಟ್ಟದ್ದು?"

ಅಪ್ಪ, ಎಂದೆ. ನಿಜವೇ ಆಗಿತ್ತು. ಮಾಮಿ ನಂಬಲಿಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಏನೋ ಸಾಗುತ್ತಿದೆ ಎಂದು ಎರಡೂ ಮನೆಯವರು ಒಂದೇ ಡಬ್ಬಿಯನ್ನು ತಡಕುತ್ತಿದ್ದರು. ಈ ಬೆಳಗಿನ ಹೊತ್ತು ಮಾವ ಆ ಮನೆಯಲ್ಲಿ ಒಂದು ಲೋಟ ಕಾಫಿ ಸಹ ಕುಡಿಯುತ್ತಿರಲಿಲ್ಲವಂತೆ, ಮಾಮಿಯೇ ದೂರಿದರು. ಇಲ್ಲಿ ತಿಂದು ಹೋದರೆ ಅಲ್ಲಿ ಹಸಿವಿಲ್ಲ ಅನ್ನಬೇಕು, ಹಸಿವಿಲ್ಲ ಅಂದರೆ ಅಲ್ಲಿ ರಾಮಾಯಣ. ಅಡಕತ್ತರಿಯೊಳಗಿನ ಅಡಿಕೆ ಅಂದರೆ ಇದೇ.

ಮನೆಗೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮಗಳಿಗೆ ದಮ್ಮು, ಶಾಲೆಗೆ ಬಿಡುತ್ತಾರೆ, ಬೇರೇನೂ ಇಲ್ಲ. ಅಲ್ಲಿ ತಿನ್ನಲಿಕ್ಕೆ ಎಂತ ಕೊಟ್ಟರು ಎಂದು ಅಜ್ಜಿ ಕೇಳಿದರು. ಬನ್ಸ್ ಎಂದೆ. ಒಂದು ಬನ್ಸಿಗೆ ಬಾಯಿ ಮುಚ್ಚಿತಾ ಎಂದು ಮುಖ ತಿರುಗಿಸಿದರು. ನನಗೂ ಒಳಗೊಳಗೆ ಹುಳ ಕೊರೆಯತೊಡಗಿತು. ನನ್ನನ್ನು ಕಳಿಸಿದ್ದು ಅಜ್ಜಿ ಎಂದು ಮಾವನಿಗೆ ಗೊತ್ತಿತ್ತು. ಗೂಢಚಾರಿಣಿಯನ್ನು ಬೆನ್ನ ಹಿಂದೆ ಕೂರಿಸಿಕೊಂಡು ಯಾರಾದರೂ ಮಾಲು ಸಾಗಿಸುತ್ತಾರೆಯೇ? ಉಳಿದ ದಿನಗಳ ಕತೆ ಏನು? ಇವತ್ತಿಗೂ ನಾನು ಎದೆ ಮುಟ್ಟಿ ಹೇಳಲಾರೆ...

ಆ ಸಂಕ್ರಮಣದ ಸಂಜೆ ದೈವದ ಕೋಣೆಯಲ್ಲಿ ಅಜ್ಜಿ ದೀಪ ಹಚ್ಚಿದರು. ನಾವೆಲ್ಲ ಕೈಮುಗಿದು ನಿಂತಿದ್ದೆವು. ಮಾವ ಆಗಷ್ಟೇ ಆಫೀಸಿನಿಂದ ಬಂದು, ಕೈಕಾಲು ತೊಳೆದು, ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದೇ ಒಳಗೆ ಬಂದಿದ್ದರು. ಮನೆಯ ದೈವ ಬಂದು ಕೂರುತ್ತದೆಂದು ನಂಬಿದ ಮರದ ಮಂಚದ ಕಡೆ ಅಜ್ಜಿ ಕೈ ತೋರಿಸಿದರು. ನಮ್ಮ ಮನೆ ಮಾತು ತುಳು, ಅರ್ಥ ಇಷ್ಟು.

"ಈ ಮಂಚ ಮುಟ್ಟಿ ಹೇಳು ಮಗ. ಈ ಮನೆಯದ್ದು ಏನೂ ಆ ಮನೆಗೆ ಹೋಗ್ಲಿಲ್ಲ ಅಂತ ಹೇಳು."

ಸಿಟ್ಟು ಮಾಡುವ ಮನುಷ್ಯರಲ್ಲ ಮಾವ. ಸ್ವರ ಏರಿಸದೆಯೇ ಹೇಳಿದರು.

"ತೆಂಗಿನಕಾಯಿ ಹೋಗ್ಲಿಲ್ಲ ಅಮ್ಮ. ಅಕ್ಕಿ ಹೋಗ್ಲಿಲ್ಲ. ನಾನು ಹೋಗ್ತೇನಲ್ಲ, ನಾನು ಈ ಮನೆಯದ್ದೇ ಅಲ್ವಾ? ಸುಳ್ಳು ಆಣೆ ಹೇಗೆ ಹಾಕುವುದು?"

ಕೀಲಿಯನ್ನು ಮಂಚದ ಮೇಲಿಟ್ಟು ಹೊರಗೆ ಹೋದರು.

ದೈವದ ಮಂಚದ ಮೇಲೆ ಇಟ್ಟದ್ದು ದೈವದ್ದು. ಇಟ್ಟವನೂ ತೆಗೆಯುವ ಹಾಗಿಲ್ಲ. ಮನೆಯ ಹಿರಿಯರು ಅರಿಕೆ ಮಾಡಿ, ತಪ್ಪು ಒಪ್ಪಿಕೊಂಡು, ತಾವಾಗಿ ಎತ್ತಿ ಕೊಟ್ಟರೆ ಮಾತ್ರ ಅದು ತಿರುಗಿ ಬರುತ್ತದೆ. ತಾಯಿ ಕರೆದು ಕೊಟ್ಟಾರು ಎಂದು ಮಾವ ಕಾದರು. ಮಗ ಬಂದು ಕೇಳಿಯಾನು ಎಂದು ಅಜ್ಜಿ ಕಾದರು. ಇಬ್ಬರದ್ದೂ ಒಂದೇ ರಕ್ತ, ಒಂದೇ ಹಠ. ಮಧ್ಯೆ ಕೀಲಿ ಕುಂಕುಮದ ಬಟ್ಟಲಿನ ಪಕ್ಕದಲ್ಲಿ ಬಿದ್ದಿತ್ತು. ನಾನು ದಿನಾ ಆ ಕೋಣೆ ಗುಡಿಸುವಾಗ ಅದನ್ನು ನೋಡುತ್ತಿದ್ದೆ. ಮುಟ್ಟುವ ಧೈರ್ಯ ನನಗೆಲ್ಲಿಂದ ಬರಬೇಕು?

ಸ್ಕೂಟರು ಕೊಟ್ಟಿಗೆಯ ಬದಿಯಲ್ಲಿ ನಿಂತೇ ಹೋಯಿತು. ಬೆಳಗ್ಗಿನ ಬಸ್ಸಿನಲ್ಲಿ ಕುಲಶೇಖರಕ್ಕೆ ಹೋಗಿ, ಮಗಳನ್ನು ಶಾಲೆಗೆ ಬಿಟ್ಟು, ಆಫೀಸಿಗೆ ಮುಟ್ಟುವುದು ಆಗುವ ಮಾತಾಗಿರಲಿಲ್ಲ. ಮಾವ ಹಿಂದಿನ ಹಾಗೆ ಶನಿವಾರ ಮಾತ್ರ ಹೋಗತೊಡಗಿದರು. ಆ ಚಳಿಗಾಲ ಅವಳು ಶಾಲೆಗೆ ಹೋದದ್ದಕ್ಕಿಂತ ಹಾಸಿಗೆಯಲ್ಲಿ ಬಿದ್ದದ್ದೇ ಹೆಚ್ಚೆಂದು ಯಾರೋ ಹೇಳಿದರು. ಆ ವರ್ಷ ಅವಳು ಪಾಸಾಗಲಿಲ್ಲ. ಅಜ್ಜಿ ಅದನ್ನು ಕೇಳಿ ಸುಮ್ಮನೆ ಎಲೆಗೆ ಸುಣ್ಣ ಹಚ್ಚಿದರು. ಹಚ್ಚಿದ ಎಲೆಗೇ ಮತ್ತೊಮ್ಮೆ ಹಚ್ಚಿದ್ದನ್ನು ನಾನು ಕಂಡೆ. ಆದರೂ ಕೀಲಿ ಎತ್ತಲಿಲ್ಲ.

ಮಾವ ಕೊನೆಯವರೆಗೂ ನಮ್ಮ ಮನೆಯಲ್ಲೇ ಉಳಿದರು. ಅಣ್ಣ ಓದಿದ, ನಾನು ಟೀಚರಾದೆ. ಅಜ್ಜಿ ಗೆದ್ದರು ಅನ್ನಬೇಕು. ಮಾವ ತೀರಿಕೊಂಡಾಗ ಕಟ್ಟಳೆಯಂತೆ ಚಿತೆಗೆ ಬೆಂಕಿ ಇಟ್ಟದ್ದು ಅಳಿಯ, ನನ್ನ ಅಣ್ಣ. ಮಾಮಿ ಮತ್ತು ಮಗಳು ಊರವರ ಜೊತೆ ಅಂಗಳದ ಅಂಚಿನಲ್ಲಿ ನಿಂತಿದ್ದರು. ಅವಳಾಗ ಕಾಲೇಜಿನ ಹುಡುಗಿ. ಸಂಜೆಗೆ ಮುಂಚೆ ಅವರು ಹೊರಟುಹೋದರು. ಕುಡಿಯಲು ನೀರು ಕೊಟ್ಟದ್ದು ಯಾರೆಂದೂ ನನಗೆ ನೆನಪಿಲ್ಲ, ಕೊಟ್ಟರೋ ಇಲ್ಲವೋ...

ಈಗ ಅವಳೂ ಮುದುಕಿ. ಕೊಟ್ಟಾರದಲ್ಲೇ ಮಗನ ಜೊತೆ ಇದ್ದಾಳೆ. ಆ ದಿನ ನಾನು ಬಸ್ಸು ಬಿಟ್ಟು ನಡೆದುಕೊಂಡು ಹೋದದ್ದು ಅವಳ ಮನೆಗೆ. ಕೀಲಿಯ ಕತೆಯನ್ನು ಇಷ್ಟು ವರ್ಷಗಳ ಮೇಲೆ ಮೊದಲ ಸಲ ಹೇಳಿದೆ. ಅಪ್ಪನಿಗೆ ನನ್ನನ್ನು ಕರೆದುಕೊಂಡು ಹೋಗಿ ಹೋಗಿ ಸಾಕಾಯ್ತು ಅಂತಲೇ ಎಣಿಸಿದ್ದೆ, ಎಂದಳು. ಆಮೇಲೆ ನನ್ನ ಮುಖವನ್ನೇ ಸುಮಾರು ಹೊತ್ತು ನೋಡಿದಳು. ನಂಬಿದಳೆಂದು ನನಗೆ ಅನ್ನಿಸಲಿಲ್ಲ. ಅವಳ ಅಪ್ಪನನ್ನು ಇಟ್ಟುಕೊಂಡ ಮನೆಯವಳು ನಾನು, ನನ್ನ ಮಾತಿಗೆ ಅವಳಲ್ಲಿ ಎಷ್ಟು ಬೆಲೆ?

ಆದರೂ ಏಳುವಾಗ ಕೈ ಹಿಡಿದು ಕೂರಿಸಿದಳು.

"ಅಕ್ಕ, ಶನಿವಾರ ಅವರು ನೆಂಟರ ಹಾಗೆ ಬಂದು ಹೋಗ್ತಿದ್ದದ್ದು. ನನಗೆ ಅಪ್ಪ ಅಂದ್ರೆ ಸ್ಕೂಟರಿನ ಮೇಲಿನ ಆ ಬೆನ್ನು ಮಾತ್ರ ನೆನಪುಂಟು. ನಿಮ್ಮಲ್ಲಿ ಸಂಜೆ ಹೊತ್ತು ಅವರು ಎಂತ ಮಾಡ್ತಿದ್ರು? ನಗಾಡ್ತಿದ್ರಾ? ನೀವು ಹೇಳಿ."

ಹೇಳಿದೆ. ಗಂಜಿಗೆ ಒಣಮೀನಿನ ಚಟ್ನಿ ಇಲ್ಲದಿದ್ದರೆ ಮುಖ ಊದಿಸುತ್ತಿದ್ದದ್ದು, ಪೇಪರು ಓದುತ್ತ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದದ್ದು, ಯಕ್ಷಗಾನದ ಬಣ್ಣದ ವೇಷದ ಹಾಗೆ ಕೂಗಿ ನಮ್ಮನ್ನು ಹೆದರಿಸಿ ತಾವೇ ನಗುತ್ತಿದ್ದದ್ದು. ಅವಳು ಕಣ್ಣು ಕಿರಿದು ಮಾಡಿ, ಒಂದೊಂದನ್ನೂ ತೂಗಿ ನೋಡಿ ಒಳಗೆ ಇಟ್ಟುಕೊಂಡಳು.

ಹೊರಗೆ ಬಂದು ಗೇಟು ಹಾಕುವಾಗ ನನಗೆ ದುಃಖ ತಡೆಯಲಾಗಲಿಲ್ಲ. ನನ್ನ ಅಪ್ಪ ಸಂಜೆ ಹೊತ್ತು ಏನು ಮಾಡುತ್ತಿದ್ದರೆಂದು ಹೇಳಬಲ್ಲವರು ಮೂಲ್ಕಿಯ ಅವರ ಅಕ್ಕನ ಮನೆಯಲ್ಲಿ ಈಗ ಒಬ್ಬರೂ ಉಳಿದಿಲ್ಲ. ಆ ಮನೆಯವರು ಇದ್ದಾಗ ನಾನು ಕೇಳಲಿಲ್ಲ. ಕೇಳಿದರೂ ನಿಜ ಹೇಳುತ್ತಾರೆಂಬ ನಂಬಿಕೆ ನನಗಿರಲಿಲ್ಲ.