ದೊಡ್ಡ ಮೀಟರಿನ ಬ್ಯಾಟರಿ ಬದಲಿಸಿದ ಭಾನುವಾರ

ಎರಡು ವರ್ಷದ ಹಿಂದಿನ ಮಾತು. ಆಷಾಢ ಹತ್ತಿರ ಬಂದಿತ್ತು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ರೈತರು ಹೊಗೆಸೊಪ್ಪು ಬೇಯಿಸಲು ಬ್ಯಾರನ್‌ಗಳನ್ನು, ಅಂದರೆ ಒಲೆಯ ಕಾವಿನಲ್ಲಿ ಸೊಪ್ಪು ಹದ ಮಾಡುವ ಮನೆಗಳನ್ನು, ಸಿದ್ಧ ಮಾಡಿಕೊಳ್ಳುವ ಸಮಯ ಅದು. ನಾನು ಹುಣಸೂರಿನ ಒಂದು ರಿಪೇರಿ ವರ್ಕ್‌ಶಾಪಿನಲ್ಲಿ ಹಿರಿಯ ಮೆಕ್ಯಾನಿಕ್. ಆಗ ಅಲ್ಲಿ ಸೇರಿ ಹತ್ತೊಂಬತ್ತು ವರ್ಷವಾಗಿತ್ತು.

ಪಂಪ್‌ಸೆಟ್ಟಿನ ಸ್ಟಾರ್ಟರ್, ಯುಪಿಎಸ್ ಎಲ್ಲ ರಿಪೇರಿ ಮಾಡುತ್ತೇವೆ. ಆದರೆ ನಮಗೆ ಹೆಸರು ಬಂದದ್ದು ಬ್ಯಾರನ್ ಥರ್ಮಾಮೀಟರ್‌ಗಳಿಂದ. ಬ್ಯಾರನ್ ಒಳಗಿನ ಶಾಖ ನಾಲ್ಕು ಡಿಗ್ರಿ ಹೆಚ್ಚುಕಮ್ಮಿಯಾದರೂ ಸೊಪ್ಪಿನ ಬಣ್ಣ ಕೆಡುತ್ತದೆ, ವರ್ಷದ ದುಡಿಮೆ ಹೋಗುತ್ತದೆ. ಹಾಗಾಗಿ ಒಲೆ ಹಚ್ಚುವ ಮೊದಲು ರೈತರು ತಮ್ಮ ಥರ್ಮಾಮೀಟರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಎಚ್.ಡಿ. ಕೋಟೆಯಿಂದಲೂ ಬರುತ್ತಾರೆ. ಬಿಸಿನೀರಿನ ಪಾತ್ರೆಯಲ್ಲಿ ಅವರ ಥರ್ಮಾಮೀಟರಿನ ಕಡ್ಡಿಯನ್ನೂ ನಮ್ಮ ದೊಡ್ಡ ಮೀಟರಿನ ಕಡ್ಡಿಯನ್ನೂ ಒಟ್ಟಿಗೆ ಅದ್ದಿ ತಾಳೆ ನೋಡುತ್ತೇವೆ. ದೊಡ್ಡ ಮೀಟರ್ ಹೇಳಿದ್ದೇ ಕೊನೆ ಮಾತು.

ಈ ದೊಡ್ಡ ಮೀಟರನ್ನು ನಮ್ಮ ಯಜಮಾನರು ಮೈಸೂರಿನಲ್ಲಿ ಬಾಗಿಲು ಹಾಕಿದ ಒಂದು ಕಾರ್ಖಾನೆಯಿಂದ ತಂದಿದ್ದರು. ನೋಡಲು ಹಳೆಯ ಟೇಪ್ ರೆಕಾರ್ಡರಿನ ಹಾಗಿದೆ, ಅಳೆಯುವುದು ಮಾತ್ರ ಕೂದಲೆಳೆಯಷ್ಟು ನಿಖರ. ಅದನ್ನು ನಾನೊಬ್ಬನೇ ಮುಟ್ಟುತ್ತಿದ್ದೆ. ಸಂಜೆ ಮನೆಗೆ ಹೊರಡುವಾಗ ಒಗೆದ ಬಟ್ಟೆ ಹೊದಿಸಿ ಹೋಗುತ್ತಿದ್ದೆ. ರೈತರು ಅದನ್ನು 'ನಿಂಗರಾಜಣ್ಣನ ಮೀಟರ್' ಅನ್ನುತ್ತಿದ್ದರು. ಆ ಮಾತು ಕೇಳಿದ ದಿನ ನನಗೆ ಊಟ ಇನ್ನೊಂದು ತುತ್ತು ಹೆಚ್ಚು ಸೇರುತ್ತಿತ್ತು.

ಅದರ ಹಿಂದಿನ ವರ್ಷದ ಸೀಸನ್ನಿಗೆ ಮೊದಲು ಸೌಭಾಗ್ಯ ಕೆಲಸಕ್ಕೆ ಸೇರಿದ್ದಳು. ಗುರುಪುರದ ಹುಡುಗಿ, ಮನೆಯಲ್ಲಿ ಬೇಸಾಯ, ಓದಿದ್ದು ಡಿಪ್ಲೊಮಾ. ಮೊದಲ ವಾರವೇ ದೊಡ್ಡ ಮೀಟರಿನ ಪುಸ್ತಕ ಎಲ್ಲಿದೆ ಎಂದು ಕೇಳಿದಳು. ಅದಕ್ಕೊಂದು ಪುಸ್ತಕ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಅದನ್ನು ಹುಡುಕಿ ತೆಗೆದು ಊಟದ ಬಿಡುವಿನಲ್ಲಿ ಓದುತ್ತ ಕೂತಳು. ತಿಂಗಳು ಕಳೆಯುವುದರೊಳಗೆ ನಾನು ಎರಡು ದಿನ ತಿಣುಕಿದ ಯುಪಿಎಸ್ ಬೋರ್ಡನ್ನು ಅವಳು ಅರ್ಧ ಗಂಟೆಯಲ್ಲಿ ಸರಿ ಮಾಡಿದಳು. ಮಾಡಿ ಸುಮ್ಮನೆ ಮೇಜಿನ ಮೇಲಿಟ್ಟು ಹೋದಳು. ಒಂದಿಷ್ಟು ಜಂಬ ಕೊಚ್ಚಿಕೊಂಡಿದ್ದರೆ ಬೈದುಕೊಂಡಾದರೂ ಸಮಾಧಾನ ಪಡುತ್ತಿದ್ದೆ.

ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಬೇರೆ ಹೆಸರಿಟ್ಟು ಮುಚ್ಚಿಡುವುದಿಲ್ಲ, ಅದು ಹೊಟ್ಟೆಕಿಚ್ಚೇ. ಯಜಮಾನರು ಅವಳನ್ನು ಒಳಗೆ ಕರೆದರೆ ನನ್ನ ಕಿವಿ ಬಾಗಿಲಿನ ಕಡೆಗೇ ಇರುತ್ತಿತ್ತು. ಅವಳ ಕೆಲಸದಲ್ಲಿ ತಪ್ಪು ಹುಡುಕುವುದಕ್ಕಾಗಿ ಅವಳು ಮುಗಿಸಿಟ್ಟ ಬೋರ್ಡುಗಳನ್ನು ಭೂತಗನ್ನಡಿ ಹಿಡಿದು ನೋಡಿದ್ದೂ ಉಂಟು. ಏನೂ ಸಿಗಲಿಲ್ಲ. ಒಂದು ದಿನ ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ಬಂದು ನನ್ನ ಮುಂದೆಯೇ ನಿಂತು ಆ ಕಡೆ ಈ ಕಡೆ ನೋಡಿದರು.

"ಏನ್ ಗೌಡ್ರೇ, ಕೊಡಿ ನೋಡ್ತೀನಿ" ಅಂದೆ.

"ಇರ್ಲಿ ಬುಡು ನಿಂಗರಾಜ. ಆ ಅಮ್ಮಣ್ಣಿ ಬರ್ಲಿ. ಓದ್ ಸತಿ ಅವ್ರೇ ನೋಡ್ಕೊಟ್ಟಿದ್ರು, ಬ್ಯಾರನ್ ಕಾವು ಏರ್ದೆ ಇಳೀದೆ ಅಂಗೇ ನಿಂತ್ಕತ್ತು ಕಣಪ್ಪ" ಅಂದರು.

ಆ ದಿನ ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲ ಒದರಿದೆ. ಅವಳು ನೆನೆಸಿದ ಅವರೆಕಾಳು ಹಿತುಕುತ್ತ, "ಆ ಎಣ್ಮಗ ನಿಮ್ಗೇನ್ ಮಾಡ್ತು? ಒಟ್ಟೆಕಿಚ್ಚು ಪಡಬ್ಯಾಡಿ ಕಣ್ರೀ, ಬಿಪಿ ಜಾಸ್ತಿ ಆಯ್ತದೆ" ಅಂದಳು. ಆ ರಾತ್ರಿ ಅವಳ ಜೊತೆಯೂ ಮಾತು ಬಿಟ್ಟೆ.

ಹೀಗಿರುವಾಗ ಆ ಆಷಾಢಕ್ಕೆ ಮೊದಲಿನ ಒಂದು ಸೋಮವಾರ ಸೌಭಾಗ್ಯ ದೊಡ್ಡ ಮೀಟರಿನ ಮುಚ್ಚಳ ತೆಗೆದು ಒಳಗಿನ ಧೂಳು ಒರೆಸಿದಳು. ಆಮೇಲೆ ಎಲ್ಲರೂ ಇದ್ದಾಗಲೇ ಯಜಮಾನರಿಗೆ ಹೇಳಿದಳು: "ಸಾರ್, ಇದರೊಳಗೆ ಒಂದು ಸಣ್ಣ ಬ್ಯಾಟರಿ ಅದೆ. ಬಾಳ ಹಳೇದಾಗದೆ. ಅದೇನಾದ್ರೂ ಸತ್ತೋದ್ರೆ ಮೀಟರಿನ ನೆನಪು ಪೂರ್ತಿ ಅಳಿಸೋಯ್ತದೆ."

ಯಜಮಾನರಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅರ್ಥವಾಗಿರಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಎಂಥ ಒಳ್ಳೆಯ ಮೀಟರಾದರೂ ಅಳೆಯುವಾಗ ತುಸು ತಪ್ಪುತ್ತದೆ. ಎಲ್ಲಿ ಎಷ್ಟು ತಪ್ಪುತ್ತದೆ ಎಂದು ಬೆಂಗಳೂರಿನ ದೊಡ್ಡ ಲ್ಯಾಬಿನವರು ಪರೀಕ್ಷಿಸಿ, ಆ ತಿದ್ದುಪಡಿ ಅಂಕಿಗಳನ್ನು ಅದರೊಳಗಿನ ಚಿಪ್ಪಿನಲ್ಲಿ ತುಂಬಿರುತ್ತಾರೆ. ಕರೆಂಟ್ ಇಲ್ಲದಾಗ ಆ ಚಿಪ್ಪನ್ನು ಕಾಯುವುದು ಬ್ಯಾಟರಿ. ಅಂಕಿಗಳು ಹೋದರೆ ಮೀಟರ್ ನಡೆಯುತ್ತದೆ, ಆದರೆ ಅದರ ಮಾತು ನಂಬುವಂತಿಲ್ಲ. ಮತ್ತೆ ಬೆಂಗಳೂರಿಗೆ ಕಳಿಸಿದರೆ ಬರಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಬ್ಯಾರನ್ ಸೀಸನ್ ಮುಗಿದಿರುತ್ತದೆ.

"ಮೊದ್ಲು ಆ ಅಂಕಿ ಎಲ್ಲಾನೂ ಕಂಪ್ಯೂಟರಿಗೆ ಇಳಿಸ್ಕೊಂಡು, ಆಮೇಲೆ ಬ್ಯಾಟರಿ ಬದಲಾಯಿಸ್ಬೇಕು ಸಾರ್. ಅದಕ್ಕೊಂದು ಕೇಬಲ್ ಬೇಕು" ಅಂದಳು.

"ಕೇಬಲ್ ತರುಸ್ತೀನಿ. ನೀನೇ ಮಾಡಮ್ಮ" ಅಂದರು ಯಜಮಾನರು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಹತ್ತೊಂಬತ್ತು ವರ್ಷ ಬಟ್ಟೆ ಹೊದಿಸಿದವನು ನಾನು, ಬ್ಯಾಟರಿ ಹಾಕುವವಳು ಅವಳು. "ಇದಕ್ಯಾವ ಕಂಪ್ಯೂಟರು? ಮೀಟರ್ ಆನ್ ಮಾಡ್ಕಂಡೇ ಹಳೇ ಬ್ಯಾಟರಿ ತೆಗೆದು ಹೊಸದು ಹಾಕುದ್ರೆ ಆಯ್ತು. ಕರೆಂಟ್ ಇದ್ದಾಗ ಚಿಪ್ಪಿಗೇನಾಯ್ತದೆ?" ಅಂದೆ.

"ಅಂಗೂ ಮಾಡ್ಬೋದು ಅಣ್ಣ. ಆದ್ರೆ ನಮ್ಮ ಸಾಲ್ಡರಿಂಗ್ ಐರನ್ನಿಗೆ ಅರ್ಥ್ ಅದೆಯಲ್ಲ, ತುದಿ ತಗುಲಿದ್ರೆ ಕಷ್ಟ" ಅಂದಳು.

ನನಗೆ ರೇಗಿಹೋಯಿತು. ಆ ವರ್ಕ್‌ಶಾಪಿನ ಪ್ರತಿ ಐರನ್ನಿಗೂ ಅರ್ಥ್ ವೈರ್ ಹಾಕಿಸಿದವನೇ ನಾನು. ಅರ್ಥ್ ಇಲ್ಲದ ಐರನ್ ಮುಟ್ಟಿದವರನ್ನು ಬೈದು ಕಲಿಸಿದವನೂ ನಾನೇ. ಅದನ್ನೇ ತಪ್ಪು ಅನ್ನುತ್ತಾಳಲ್ಲ ಇವಳು ಎಂದು ಹಲ್ಲು ಕಚ್ಚಿಕೊಂಡೆ.

ಆ ಭಾನುವಾರ ರಜೆ. ವರ್ಕ್‌ಶಾಪಿನ ಒಂದು ಬೀಗದ ಕೈ ಯಾವಾಗಲೂ ನನ್ನ ಹತ್ತಿರ ಇರುತ್ತದೆ. ಬೆಳಿಗ್ಗೆ ತಿಂಡಿ ತಿಂದವನೇ ಹೋಗಿ ಬಾಗಿಲು ತೆಗೆದೆ. ಸೋಮವಾರ ಅವಳು ಬರುವ ಹೊತ್ತಿಗೆ ಹೊಸ ಬ್ಯಾಟರಿ ಕೂತಿರಬೇಕು, ಅವಳ ಮುಖ ನೋಡಬೇಕು, ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಮೀಟರ್ ಆನ್ ಮಾಡಿದೆ. ಐರನ್ ಕಾಯಿಸಿದೆ. ಅರ್ಥ್ ವೈರ್ ಬಿಗಿಯಾಗಿದೆಯೇ ಎಂದು ಬೇಕೆಂದೇ ನೋಡಿಕೊಂಡೆ. ಹಳೆಯ ಬ್ಯಾಟರಿಯ ಕಾಲಿಗೆ ಐರನ್ನಿನ ತುದಿ ಮುಟ್ಟಿಸಿದೆ. ಕಿಡಿ ಹಾರಲಿಲ್ಲ, ಸದ್ದಾಗಲಿಲ್ಲ. ಕೇಬಲ್ ಜೊತೆಗೆ ಬಂದಿದ್ದ ಹೊಸ ಬ್ಯಾಟರಿಯನ್ನು ಚೊಕ್ಕವಾಗಿ ಕೂರಿಸಿದೆ.

ಮೀಟರನ್ನು ಆಫ್ ಮಾಡಿ ಆನ್ ಮಾಡಿದಾಗ ಪರದೆಯ ಮೇಲೆ ಅಂಕಿ ಬರಲಿಲ್ಲ, ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಒಳಗಿನ ತಿದ್ದುಪಡಿಗಳು ಇಲ್ಲ ಎಂದು ಅದರ ಅರ್ಥ. ಅವಳು ಹೇಳಿದ್ದೇ ಆಗಿತ್ತು. ಬ್ಯಾಟರಿಯ ಕಾಲಿನಿಂದ ಚಿಪ್ಪಿಗೆ ಹೋಗುವ ವಿದ್ಯುತ್ತು ನನ್ನ ಐರನ್ನಿನ ಅರ್ಥ್ ವೈರಿನಲ್ಲಿ ನೆಲ ಸೇರಿತ್ತು. ಕ್ಷಣಮಾತ್ರ, ಅಷ್ಟು ಸಾಕಾಗಿತ್ತು. ಮೀಟರ್ ಸರಿಯಿದೆಯೇ ಎಂದು ನೋಡಲು ಬೆಂಗಳೂರಿನವರು ಮೊಹರು ಹಾಕಿ ಕೊಟ್ಟಿದ್ದ ರೆಸಿಸ್ಟರ್ ಒಂದಿತ್ತು, ಕಡ್ಡಿಯ ಬದಲು ಅದನ್ನು ಹಾಕಿ ಅಳೆದೆ. ಬರಬೇಕಾದ ಅಂಕಿ ಬಿಟ್ಟು ಇನ್ನೇನೋ ಬಂತು. ಮತ್ತೆ ಅಳೆದೆ. ಮತ್ತೆ ಅದೇ.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಮಂಗಳವಾರ ರೈತರು ಬರುವವರಿದ್ದರು. ಇನ್ನು ನಾಚಿಕೆಯ ವಿಷಯ ಬರೆಯುತ್ತೇನೆ. ನನಗೆ ಮೊದಲು ನೆನಪಾದದ್ದು ಆ ರೈತರಲ್ಲ, ಯಜಮಾನರೂ ಅಲ್ಲ. 'ಸೋಮವಾರ ಮುಚ್ಚಳ ತೆಗೆದು ಒರೆಸಿದವಳು ಸೌಭಾಗ್ಯ ತಾನೇ' ಎಂಬುದು ನೆನಪಾಯಿತು. ಹಳೆಯ ಬ್ಯಾಟರಿ ಕಸದ ಬುಟ್ಟಿಯಲ್ಲಿತ್ತು. ಅದನ್ನೇ ಮತ್ತೆ ಹಾಕಿ, ಅವಳು ಒರೆಸುವಾಗ ಏನೋ ಅಲ್ಲಾಡಿಸಿರಬೇಕು ಎಂದುಬಿಟ್ಟರೆ? ಯಜಮಾನರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿದೆ. ಹಳೆಯ ಬ್ಯಾಟರಿಯನ್ನು ಬುಟ್ಟಿಯಿಂದ ಎತ್ತಿ ಕೈಯಲ್ಲಿ ಹಿಡಿದುಕೊಂಡೆ. ಕಾಲು ಮುರಿದಿತ್ತು, ಮತ್ತೆ ಕೂರುವಂತಿರಲಿಲ್ಲ. ನಾನು ಒಳ್ಳೆಯವನಾಗಿ ಉಳಿದದ್ದಕ್ಕೆ ಕಾರಣ ಅಷ್ಟೇ.

ಸೋಮವಾರ ನಾನು ಹೋಗುವಷ್ಟರಲ್ಲಿ ಅವಳು ಬಂದಾಗಿತ್ತು. ದೊಡ್ಡ ಮೀಟರ್ ಆನ್ ಆಗಿತ್ತು. ಪರದೆಯ ಮೇಲಿನ ಸಾಲು ಓದಿ, ಮುಚ್ಚಳ ತೆಗೆದು ಒಳಗೆ ನೋಡಿದಳು.

"ಸಾಲ್ಡರಿಂಗ್ ಚೆನ್ನಾಗಿ ಬಂದದೆ ಅಣ್ಣ" ಅಂದಳು. ವ್ಯಂಗ್ಯ ಇರಬಹುದೇ ಎಂದು ಮುಖ ನೋಡಿದೆ. ಇರಲಿಲ್ಲ.

ಬ್ಯಾಗಿನಿಂದ ಒಂದು ಪೆನ್‌ಡ್ರೈವ್ ತೆಗೆದಳು. ಮೀಟರಿನ ಹಿಂದೆ ದಪ್ಪ ಕೇಬಲ್ ಸಿಕ್ಕಿಸಿ ಕಂಪ್ಯೂಟರಿನ ಮುಂದೆ ಕೂತಳು. ನಾನು ಕಂಬದ ಹಾಗೆ ನಿಂತಿದ್ದೆ. ಅರ್ಧ ಗಂಟೆಯಾದ ಮೇಲೆ ಮೊಹರಿನ ರೆಸಿಸ್ಟರ್ ಹಾಕಿ, "ನೀವೇ ಓದಿ ಅಣ್ಣ" ಅಂದಳು. ಓದಿದೆ. ಕೊನೆಯ ಅಂಕಿಯವರೆಗೆ ಸರಿಯಾಗಿತ್ತು.

ಅಷ್ಟರಲ್ಲಿ ಯಜಮಾನರು ಬಂದರು. "ಆಯ್ತೇನಮ್ಮ ಬ್ಯಾಟರಿ ಕೆಲಸ?" ಅಂದರು.

"ಆಯ್ತು ಸಾರ್. ನಿಂಗರಾಜಣ್ಣ ನಿನ್ನೆ ರಜಾ ದಿನ ಬಂದು ಬ್ಯಾಟರಿ ಹಾಕವ್ರೆ" ಅಂದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಯಜಮಾನರು ನನ್ನ ಬೆನ್ನು ತಟ್ಟಿ, "ಶಹಬಾಸ್ ಕಣೋ ನಿಂಗರಾಜ. ಹಳಬರ ಕೈ ಅಂದ್ರೆ ಹಳಬರ ಕೈಯೇ" ಅಂದರು. ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡರು. ಬಾಯಿ ಬಿಡಲು ನನಗೆ ಒಂದು ನಿಮಿಷ ಸಮಯವಿತ್ತು, ಬಿಡಲಿಲ್ಲ.

ಮಧ್ಯಾಹ್ನ ಅವಳು ಡಬ್ಬಿ ತೆಗೆದು ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದೆ: "ಅಂಕಿ ಯಾವಾಗ ಇಳಿಸ್ಕಂಡೆ?"

"ಶುಕ್ರವಾರ ಕೇಬಲ್ ಬಂತಲ್ಲಣ್ಣ, ಅವತ್ತು ಸಂಜೆ ನೀವು ಮನೆಗೋದ್ಮೇಲೆ."

"ಯಾರಿಗೂ ಹೇಳ್ನಿಲ್ವಲ್ಲ?"

ಅವಳು ಮುದ್ದೆ ಮುರಿದಳು. "ಹೇಳಿದ್ರೆ ನಿಮ್ಗೆ ಇನ್ನೂ ಬೇಜಾರಾಗ್ತಿತ್ತು. ಬೀಗದ ಕೈ ನಿಮ್ಮತ್ರ ಇರ್ತದೆ, ಭಾನುವಾರ ರಜಾ. ನೀವು ಬಿಚ್ಚದೇ ಇರಾಕಿಲ್ಲ ಅಂತ ಗೊತ್ತಿತ್ತು ಅಣ್ಣ. ಅದಕ್ಕೇ ಮುಂಚೇನೇ ತೆಗೆದಿಟ್ಕೊಂಡೆ."

ನಾನು ನನ್ನ ಡಬ್ಬಿಯ ಮುಚ್ಚಳ ಹಾಕಿದೆ. ನನ್ನ ಹೊಟ್ಟೆಕಿಚ್ಚನ್ನು ಯಾರೂ ಕಂಡಿಲ್ಲ ಎಂದುಕೊಂಡು ನಾನು ತಿಂಗಳುಗಟ್ಟಲೆ ಒಳಗೊಳಗೇ ಬೆಂದಿದ್ದೆ. ಅವಳು ಅದನ್ನು ನೋಡಿದ್ದಳು, ಯಾವ ದಿನ ಏನು ಮಾಡಿಸುತ್ತದೆ ಎಂದೂ ತಿಳಿದಿದ್ದಳು. ಆದರೂ ಒಂದು ದಿನ ನನ್ನನ್ನು 'ಅಣ್ಣ' ಅನ್ನುವುದು ಬಿಡಲಿಲ್ಲ.

ಮಂಗಳವಾರ ರೈತರು ಬಂದರು, ತಾಳೆ ನೋಡಿಕೊಂಡು ಹೋದರು. ಆ ವರ್ಷ ನಮ್ಮ ಮೀಟರಿನಿಂದ ಯಾರ ಸೊಪ್ಪೂ ಕೆಡಲಿಲ್ಲ. ಯಜಮಾನರು ಇಂದಿಗೂ ಬಂದವರಿಗೆಲ್ಲ "ನಮ್ ನಿಂಗರಾಜ ರಜಾ ದಿನ ಬಂದು ಮೀಟರ್ ಉಳಿಸ್ದ" ಎಂದು ಹೇಳುತ್ತಾರೆ. ಪಕ್ಕದ ಮೇಜಿನಲ್ಲಿ ಸೌಭಾಗ್ಯ ತಲೆ ಎತ್ತದೆ ಕೆಲಸ ಮಾಡುತ್ತಿರುತ್ತಾಳೆ. ಹಾಗೆ ಹೇಳಿದಾಗಲೆಲ್ಲ ನನ್ನ ಕಿವಿ ಸುಡುತ್ತದೆ.

ಅವಳ ಮೇಲಿನ ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಎಲ್ಲರಿಗೂ ಮೆಚ್ಚುಗೆಯಾದೀತು. ಹೋಗಿಲ್ಲ. ಮೊದಲು ಅವಳ ತಿಳಿವಳಿಕೆಯ ಮೇಲಿತ್ತು, ಈಗ ಅವಳ ಗುಣದ ಮೇಲೂ ಇದೆ. ತಿಳಿವಳಿಕೆಯನ್ನಾದರೂ ಪುಸ್ತಕ ಓದಿ ಕಲಿಯಬಹುದು, ಓದಲು ಶುರು ಮಾಡಿದ್ದೇನೆ.

ಈ ಪತ್ರಿಕೆ ನಮ್ಮ ವರ್ಕ್‌ಶಾಪಿಗೆ ಬರುತ್ತದೆ, ಯಜಮಾನರು ಊಟವಾದ ಮೇಲೆ ಓದುತ್ತಾರೆ. ಎದುರು ನಿಂತು ಹೇಳಲು ಎರಡು ವರ್ಷದಿಂದ ಆಗದ ಮಾತನ್ನು ಇಲ್ಲಿ ಬರೆದಿದ್ದೇನೆ. ಯಜಮಾನರೇ, ಮೀಟರ್ ಕೆಡಿಸಿದ್ದು ನಾನು. ಆ ಸೋಮವಾರದ ಶಹಬಾಸ್ ಸೌಭಾಗ್ಯಳದು. ದಯವಿಟ್ಟು ಅವಳಿಗೆ ಕೊಟ್ಟುಬಿಡಿ, ನಾನು ಪಕ್ಕದಲ್ಲೇ ನಿಂತಿರುತ್ತೇನೆ.