ಅವ್ವನ ಸೋಮವಾರ

ಹಾಲು ಸುಟ್ಟ ವಾಸನೆಗೂ ನನ್ನ ನಾಲಗೆಗೂ ಹಳೆಯ ನಂಟು. ವಾಸನೆ ಮೂಗಿಗೆ ಬಡಿಯುವುದೇ ತಡ, ನಾಲಗೆ ತಾನಾಗಿ ಹರಿತವಾಗುತ್ತದೆ. ಇಡೀ ನೌಕರಿಯನ್ನು ಶಾಲೆಯ ಮಕ್ಕಳನ್ನು ಗದರಿಸುತ್ತ ಕಳೆದವಳು ನಾನು. ನಿವೃತ್ತಿಯಾದ ಮೇಲೆ ಗದರಿಸಲು ಯಾರೂ ಸಿಗದೆ ಬಾಯಿ ಕಟ್ಟಿದಂತಾಗಿದೆ. ಹೀಗಾಗಿ ಕಳೆದ ಶನಿವಾರ ಸಂಜೆ ಸಿಂದಗಿಯ ನಮ್ಮ ಮನೆಯಲ್ಲಿ ಆ ವಾಸನೆ ಎದ್ದಾಗ, ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯಾಯಿತು. ಸೊಸೆಗೆ ನಾಲ್ಕು ಮಾತು ಹೇಳಲು ಕಾರಣ ಸಿಕ್ಕಿತಲ್ಲ ಎಂದು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದೆ.

ಸೊಸೆ ಒಲೆಯ ಮುಂದೆ ನಿಂತಿದ್ದಳು. ಹಾಲು ಉಕ್ಕಿ, ಆರಿ, ಪಾತ್ರೆಯ ತಳ ಕರ್ರಗಾಗಿತ್ತು. ಗ್ಯಾಸು ಇನ್ನೂ ಉರಿಯುತ್ತಲೇ ಇತ್ತು. ಬ್ಯಾಂಕಿನಿಂದ ಬಂದವಳು ಹೆಗಲ ಚೀಲವನ್ನೂ ಇಳಿಸಿರಲಿಲ್ಲ. ಅವಳ ಕಣ್ಣು ಪಾತ್ರೆಯ ಮೇಲೇ ಇತ್ತು, ಆದರೆ ಅವಳು ಅದನ್ನು ನೋಡುತ್ತಿರಲಿಲ್ಲ. ನಾನು ತಂದಿದ್ದ ನಾಲ್ಕು ಮಾತು ಬಾಗಿಲಲ್ಲೇ ಉಳಿದವು. ಹಾಗೆ ನಿಂತ ಹೆಂಗಸನ್ನು ನಾನು ಹಿಂದೆ ಒಮ್ಮೆ ಕಂಡಿದ್ದೆ.

ಎಪ್ಪತ್ತರ ದಶಕದ ಮಾತಿದು. ಬಸವನ ಬಾಗೇವಾಡಿಯಿಂದ ನಿಡಗುಂದಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆಯಲ್ಲಿ ಅಪ್ಪನ ಅಪ್ಪ, ಅಂದರೆ ಮುತ್ಯಾ, ಅಪ್ಪ, ಅಪ್ಪನ ತಮ್ಮ ಕಾಕಾ, ನಾನು, ನನ್ನ ತಮ್ಮ. ಹೊಲಕ್ಕೆ ಬರುವ ಆಳುಗಳ ಊಟವೂ ನಮ್ಮಲ್ಲೇ. ಅಜ್ಜಿ ಹೋಗಿ ವರ್ಷಗಳಾಗಿದ್ದವು. ಇಷ್ಟೂ ಹೊಟ್ಟೆಗಳಿಗೆ ಇದ್ದದ್ದು ಒಂದೇ ಜೊತೆ ಕೈ, ನಮ್ಮ ಅವ್ವನದು.

ಅದೆಲ್ಲ ಹೇಗೋ ಸಾಗಿತ್ತು. ಆಮೇಲೆ ಕಾಕಾನಿಗೆ ಆಲಮಟ್ಟಿಯಲ್ಲಿ, ಅಣೆಕಟ್ಟಿನ ಉಗ್ರಾಣದಲ್ಲಿ ನೌಕರಿ ಸಿಕ್ಕಿತು. ಓಣಿಗೆಲ್ಲ ಪೇಢೆ ಹಂಚಿದೆವು. ಮೊದಲ ಸಂಬಳದಲ್ಲಿ ಅವನು ಒಂದು ಗೋಡೆ ಗಡಿಯಾರ ತಂದು ಪಡಸಾಲೆಯಲ್ಲಿ ತೂಗುಹಾಕಿದ. ಅಲ್ಲಿಯವರೆಗೆ ಹೊತ್ತು ನೋಡಿಕೊಂಡು ನಡೆಯುತ್ತಿದ್ದ ಮನೆ ಅವತ್ತಿನಿಂದ ಮುಳ್ಳು ನೋಡಿಕೊಂಡು ಓಡತೊಡಗಿತು. ಮೊದಲ ಬಸ್ಸಿಗೆ ಕಾಕಾನ ಬುತ್ತಿ. ಅದರ ಹಿಂದೆ ಅಪ್ಪ ಮತ್ತು ಆಳುಗಳದು. ಆಮೇಲೆ ಶಾಲೆಗೆ ಹೋಗುವ ನಮ್ಮದು. ಅಷ್ಟರಲ್ಲಿ ಹಲ್ಲಿಲ್ಲದ ಮುತ್ಯಾನಿಗೆ ಹಂಚಿನ ಮೇಲಿನಿಂದ ಇಳಿಸಿದ ಮೆತ್ತನೆಯ ರೊಟ್ಟಿಯೇ ಆಗಬೇಕು. ಎಲ್ಲರ ಹೊತ್ತೂ ಬೇರೆ ಬೇರೆಯಾಗಿತ್ತು, ಒಲೆ ಮಾತ್ರ ಒಂದೇ.

ನಿಮಗೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಗೊತ್ತಿರಬೇಕು. ನನ್ನನ್ನು ದಿನಾ ಎಬ್ಬಿಸುತ್ತಿದ್ದದ್ದು ಅದೇ. ಅವ್ವನ ಬಡಿತಕ್ಕೆ ಒಂದು ನಡೆ ಇತ್ತು. ಅದರ ಜೊತೆಗೆ ಏನೋ ಗುನುಗುತ್ತಿದ್ದಳು. ಯಾವ ಹಾಡೆಂದು ಕೇಳಿದರೆ ಅವಳಿಗೇ ಗೊತ್ತಿರುತ್ತಿರಲಿಲ್ಲ. ಗಡಿಯಾರ ಬಂದ ಮೇಲೆ ಬಡಿತ ಅವಸರವಾಯಿತು. ಗುನುಗು ನಿಂತಿತು. ಅದು ಯಾವಾಗ ನಿಂತಿತು ಎಂದು ನಮ್ಮಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದಾಗ ಮಾತ್ರ ಎಲ್ಲರಿಗೂ ಕೂಡಲೇ ತಿಳಿಯಿತು.

ಆಮೇಲೆ ಒಂದು ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಕರಕಲಾಗಿ ಹೊಗೆ ಸೂರು ತುಂಬಿದಾಗ, ಅವ್ವ ಅದರ ಮುಂದೆ ಸುಮ್ಮನೆ ನಿಂತಿದ್ದಳು. "ಯವ್ವಾ, ರೊಟ್ಟಿ" ಎಂದು ನಾನು ಸೆರಗು ಜಗ್ಗಿದರೂ ತಿರುಗಲಿಲ್ಲ. ಅವಳು ರಾತ್ರಿ ನಿದ್ದೆ ಮಾಡುತ್ತಿಲ್ಲ ಎಂಬುದು ಕಣ್ಣು ನೋಡಿದರೆ ಕಾಣುತ್ತಿತ್ತು. ಕಣ್ಣು ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ಒಂದು ಮಧ್ಯಾಹ್ನ ಅವಳು ಮನೆಯ ಬಾಗಿಲು ತೆರೆದೇ ಬಿಟ್ಟು ನಿಡಗುಂದಿಯ ರಸ್ತೆ ಹಿಡಿದು ನಡೆದುಬಿಟ್ಟಳು. ಪಕ್ಕದ ಮನೆಯ ಕಾಶವ್ವ ಅವಳನ್ನು ಬಸ್ಸು ನಿಲ್ಲುವ ಜಾಗದಾಚೆ ಕಂಡು, ಕೈ ಹಿಡಿದು ಕರೆತಂದಳು.

"ಎಲ್ಲಿಗಿ ಹೊಂಟಿದ್ದಿ ಯವ್ವಾ, ಈ ಬಿಸಲಾಗ?" ಎಂದು ಕಾಶವ್ವ ಕೇಳಿದಳು.

"ಗೊತ್ತಿಲ್ಲವ್ವಾ. ತಲಿಯೊಳಗ ಗಿರಣಿ ನಡದಂಗ ಆಗೇತಿ. ಅದು ನಿಂದ್ರೂತನಕ ನಡೀಬೇಕಂತ ಮಾಡಿದ್ದೆ" ಎಂದಳು ಅವ್ವ.

ಈಗ ನನ್ನ ಮೊಬೈಲು ದಿನಾ ಬೆಳಿಗ್ಗೆ "ದೀರ್ಘವಾಗಿ ಉಸಿರಾಡಿ" ಎಂದು ನೆನಪು ಮಾಡುತ್ತದೆ. ಇಷ್ಟು ವರ್ಷ ಅದರ ಅಪ್ಪಣೆ ಇಲ್ಲದೆಯೇ ಉಸಿರಾಡಿಕೊಂಡು ಬಂದವಳು ನಾನು, ಆದರೂ ಹೇಳಿದಂತೆ ಕೇಳುತ್ತೇನೆ. ಆಗ ಹಾಗೆ ಹೇಳುವವರೂ ಇರಲಿಲ್ಲ. ಮನಸ್ಸು ಒಂದೋ ನೆಟ್ಟಗಿರಬೇಕು, ಇಲ್ಲವೇ ಕೆಟ್ಟಿರಬೇಕು. ನಡುವೆ ಅದು ದಣಿಯಲೂಬಹುದು ಎಂಬ ಎಣಿಕೆ ನಮ್ಮ ಮನೆಯಲ್ಲಂತೂ ಇರಲಿಲ್ಲ. ಬಾಗೇವಾಡಿಯ ಡಾಕ್ಟರು ಒಂದು ಕೆಂಪು ಟಾನಿಕ್ಕು ಕೊಟ್ಟು, ವಿಶ್ರಾಂತಿ ಬೇಕು ಎಂದಿದ್ದರು. ಮುತ್ಯಾನಿಗೆ ಅದು ಸೋಜಿಗವಾಗಿ ಕಂಡಿತು.

"ಮನ್ಯಾಗ, ನೆರಳಾಗ ಇರಾಕಿಗಿ ಮತ್ತೇನ್ ಇಸ್ರಾಂತಿ?" ಎಂದ.

ಆ ಸಂಜೆ ಕಟ್ಟೆಯ ಮೇಲೆ ಗಂಡಸರು ಕೂತಿದ್ದಾಗ ಕಾಕಾ ತಗ್ಗಿದ ದನಿಯಲ್ಲಿ, "ಧಾರವಾಡಕ್ಕ ಕರಕೊಂಡ ಹೋಗೂದ ಚೊಲೊ" ಎಂದ. ಅಪ್ಪ ನೆಲ ನೋಡುತ್ತಲೇ, "ಬೇಸ್ತವಾರ ಹೋಗತೇನಿ" ಎಂದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಧಾರವಾಡ ಒಳ್ಳೆಯ ಊರು. ಆದರೆ ನಮ್ಮ ಕಡೆ ಆ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳಿದರೆ ಅದಕ್ಕೆ ಒಂದೇ ಅರ್ಥ, ಅಲ್ಲಿಯ ಹುಚ್ಚಾಸ್ಪತ್ರೆ. ಈಗ ನನಗೆ ಗೊತ್ತು, ಅದೂ ಎಲ್ಲ ಆಸ್ಪತ್ರೆಗಳಂತೆಯೇ. ಹೋಗಬೇಕಾದವರು ಹೋಗಬೇಕು, ಎಷ್ಟೋ ಜನ ಗುಣವಾಗಿ ಬಂದಿದ್ದಾರೆ. ಆಗ ಮಾತ್ರ ಅಲ್ಲಿಗೆ ಹೋದವಳು ತಿರುಗಿ ಬಂದರೂ ಅವಳ ಮಾತಿಗೆ ಮನೆಯಲ್ಲಿ ಬೆಲೆ ಉಳಿಯುತ್ತಿರಲಿಲ್ಲ. ಆ ಮನೆಯ ಹೆಣ್ಣು ಕೇಳಲು ಯಾರೂ ಬರುವುದಿಲ್ಲ ಎಂದೂ ಹೇಳುತ್ತಿದ್ದರು. ನನಗೆ ಮದುವೆಯ ಚಿಂತೆ ಇರಲಿಲ್ಲ. ಅವ್ವ ತಿರುಗಿ ಬರದಿದ್ದರೆ ಎಂಬ ಹೆದರಿಕೆಯೊಂದೇ ಇತ್ತು.

ಇಲ್ಲಿ ಮುತ್ಯಾನ ಎತ್ತುಗಳ ವಿಷಯ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಹೊಲದ ಹದ ಆರಿಹೋಗುತ್ತಿದ್ದರೂ ಸರಿ, ಅವತ್ತು ಗಳೆ ಹೂಡಿ ಉಳುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಮುತ್ಯಾ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಮ್ಮೆ ಸೋಮವಾರದ ದಿನ ಗಾಡಿ ಕೇಳಲು ಬಂದ ಬೀಗರಿಗೆ ಚಹಾ ಕುಡಿಸಿ, ಗಂಟು ಹೊರಿಸಿ, ನಡೆಸಿಯೇ ಊರಿಗೆ ಕಳಿಸಿದ್ದ. ಅವತ್ತು ಎತ್ತುಗಳಿಗೆ ತಾನೇ ಮೈ ತೊಳೆದು, ತಾನೇ ಜೋಳದ ದಂಟಿನ ಕಣಕಿ ಹಾಕುತ್ತಿದ್ದ. ಜೋಡಿಯಲ್ಲಿ ಬಲಗಡೆಯ ಬಸ್ಯಾ ಎಂದರೆ ಅವನಿಗೆ ನಮ್ಮೆಲ್ಲರಿಗಿಂತ ಒಂದು ಕೈ ಹೆಚ್ಚು.

ಆ ಮಾತು ನಡೆದ ಮರುದಿನವೇ ಸೋಮವಾರ. ಬೆಳಿಗ್ಗೆ ನನಗೆ ಎಚ್ಚರವಾದದ್ದು ಸಪ್ಪಳ ಕೇಳಿ ಅಲ್ಲ, ಸಪ್ಪಳ ಕೇಳದೆ. ಒಲೆ ತಣ್ಣಗಿತ್ತು. ಅವ್ವ ಎಲ್ಲೂ ಇರಲಿಲ್ಲ. ಮತ್ತೆ ರಸ್ತೆ ಹಿಡಿದಳೇನೋ ಎಂದು ಅಳುತ್ತ ಹಿತ್ತಿಲಿಗೆ ಓಡಿದರೆ, ಕೊಟ್ಟಿಗೆಯಲ್ಲಿ ಬಸ್ಯಾನ ಪಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಅಷ್ಟರಲ್ಲಿ ಮುತ್ಯಾ ಕಣಕಿಯ ಹೊರೆ ತಬ್ಬಿಕೊಂಡು ಒಳಗೆ ಬಂದ. ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡಳು, ಆದರೆ ಏಳಲಿಲ್ಲ.

ಮಾವನ ಎದುರು ಸೊಸೆ ನೇರವಾಗಿ ಮಾತಾಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಹೇಳುವುದಿದ್ದರೆ ಗೋಡೆಗೋ, ಮಕ್ಕಳಿಗೋ ಹೇಳಿದಂತೆ ಹೇಳಬೇಕು. ಅವ್ವ ಎತ್ತಿನ ಕಡೆ ತಿರುಗಿದಳು.

"ಬಸ್ಯಾ, ಇವತ್ತ ಸೋಮಾರ ಹೌದಲ್ಲೋ? ನಿನ್ನ ಹೆಗಲಿಗಿ ನೊಗ ಇಲ್ಲ. ನಾನೂ ಈ ಮನ್ಯಾಗ ದುಡಿಯೂ ಜೀವ ಅಲ್ಲೇನು? ನನಗೂ ಇವತ್ತೊಂದಿನ ಬ್ಯಾಡ."

ಮುತ್ಯಾ ಹೊರೆ ತಬ್ಬಿಕೊಂಡೇ ನಿಂತ. ಅವನಿಗೂ ಸೊಸೆಯ ಜೊತೆ ನೇರ ಮಾತಿಲ್ಲ. ಅವನೂ ಎತ್ತಿಗೇ ಹೇಳಿದ.

"ಬಸ್ಯಾ, ಮನ್ಯಾಗ ಒಲಿ ಯಾರ ಹಚ್ಚಬೇಕಂತ ಆಕಿಗಿ ಕೇಳು."

"ಬಸ್ಯಾ, ನೀ ಗಳೆ ಹೊಡೀದ ದಿನ ಹೊಲ ಏನ್ ಮಾಡತೈತಂತ ಅವರಿಗಿ ಕೇಳು" ಎಂದಳು ಅವ್ವ.

ಬಸ್ಯಾ ಇಬ್ಬರಿಗೂ ಉತ್ತರ ಕೊಡದೆ ಬಾಲ ಬೀಸಿದ. ಅಷ್ಟು ಹೊತ್ತಿಗೆ ಬುತ್ತಿ ಹುಡುಕುತ್ತ ಬಂದ ಕಾಕಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಉಗ್ರಾಣದ ನೌಕರ, ಲೆಕ್ಕದಲ್ಲಿ ಚುರುಕು. "ಅದಕ್ಕೇನಾತು? ಐತವಾರನ ಎರಡ ದಿನದ್ದು ಕೂಡಿಸಿ ರೊಟ್ಟಿ ಬಡದ ಇಡಲಿ. ಸೋಮಾರ ಆರಾಮ ಇರತಾಳ" ಎಂದ.

ಅವ್ವ ಅವನ ಕಡೆ ನೋಡಲೂ ಇಲ್ಲ. ಬಸ್ಯಾನ ಕೊರಳ ಗಂಗೆದೊಗಲಿನ ಮೇಲೆ ಕೈ ಆಡಿಸುತ್ತ, "ಬಸ್ಯಾ, ನಿನ್ನ ಕಡಿಂದ ಐತವಾರ ಎರಡ ಪಟ್ಟ ಗಳೆ ಹೊಡಸ್ತಾರೇನೋ?" ಎಂದಳು. ದನಿ ಅಲ್ಲಿಗೆ ಒಡೆಯಿತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುತ್ಯಾ ಕಣಕಿಯನ್ನು ಎತ್ತುಗಳು ಮೇಯುವ ಗ್ವಾದಲಿಗೆ ಹಾಕಿದ. ಬಸ್ಯಾನ ಹೆಗಲ ಮೇಲೆ ನೊಗ ತಾಗಿ ಗಟ್ಟಿ ಕಟ್ಟಿದ ಜಾಗವನ್ನು ಒತ್ತಿ ನೋಡಿದ. ಆಮೇಲೆ ಕಾಕಾನ ಕಡೆ ತಿರುಗಿ, "ಈ ಮನ್ಯಾಗ ಹಂಗ ಎಂದೂ ಹೊಡಸಿಲ್ಲ. ನಡಿ, ಒಲಿ ಹಚ್ಚು" ಎಂದ.

"ನಾನಽ? ಬಸ್ ಹೋಗತೈತ್ರಿ!"

"ಹೋಗಲಿ."

ಮುತ್ಯಾ ತನ್ನ ಹೆಗಲ ಮೇಲಿನ ಕಂಬಳಿಯನ್ನು ತೆಗೆದು ನೆಲದ ಮೇಲಿಟ್ಟು, "ಬಸ್ಯಾ, ನೆಲ ತಂಪೈತಿ ಅಂತ ಹೇಳು ಆಕಿಗಿ" ಎಂದು ಹೊರಗೆ ಬಂದು, ಕೊಟ್ಟಿಗೆಯ ಬಾಗಿಲಲ್ಲೇ ಕೂತುಬಿಟ್ಟ. ಸ್ವಲ್ಪ ಹೊತ್ತಿಗೆ ಅಪ್ಪ ಗಾಬರಿಯಿಂದ, "ಏನ್ ನಡದೈತಿ ಇಲ್ಲಿ?" ಎಂದು ಕೂಗುತ್ತ ಬಂದ. ಮುತ್ಯಾ ಕೈ ಎತ್ತಿ ತಡೆದ.

"ಸಣ್ಣಗ ಮಾತಾಡು. ಎತ್ತು ಮಲಗ್ಯಾವ."

ನಾನು ಇಣುಕಿ ನೋಡಿದೆ. ಎತ್ತುಗಳೆರಡೂ ನಿಂತು ಕಣಕಿ ಮೆಲ್ಲುತ್ತಿದ್ದವು. ಮಲಗಿದ್ದವಳು ಅವ್ವ.

ಕಾಕಾ ಅವತ್ತು ಜೋಳದ ನುಚ್ಚು ಕುದಿಸಿದ. ಒಂದು ಕಡೆ ನೀರು, ಒಂದು ಕಡೆ ಗಂಟು, ತಳದಲ್ಲಿ ಕರಕಲು. ಮಜ್ಜಿಗೆ ಸುರಿದುಕೊಂಡು ಉಂಡೆವು. ಬಾಯಿ ರುಚಿಯ ಮುತ್ಯಾ ಗಂಟನ್ನು ವಸಡಿನಲ್ಲಿ ಅರೆಯುತ್ತ, "ಚೊಲೊ ಆಗೇತಿ" ಎಂದು ಸುಳ್ಳು ಹೇಳಿದ. ಬೇಸ್ತವಾರದ ಪ್ರಯಾಣದ ಮಾತೆತ್ತಿದ ಅಪ್ಪನಿಗೆ, "ಎತ್ತು ಬಿದ್ರ ಮದಲ ಕೊಳ್ಳ ಹರೀತೀವಿ, ಆಮ್ಯಾಲ ದವಾಖಾನಿ. ನಾವಿನ್ನೂ ಕೊಳ್ಳನ ಹರದಿಲ್ಲಲ್ಲೋ" ಎಂದ. ಕೊಳ್ಳ ಹರಿಯುವುದು ಎಂದರೆ ನೊಗದಿಂದ ಬಿಚ್ಚಿ ಬಿಡುವುದು. ಅಪ್ಪ ಟಾನಿಕ್ಕಿನ ಇನ್ನೊಂದು ಬಾಟಲಿ ತಂದ, ಧಾರವಾಡದ ಹೆಸರು ಮತ್ತೆ ಎತ್ತಲಿಲ್ಲ.

ಒಂದೇ ಸೋಮವಾರಕ್ಕೆ ಅವ್ವ ಗುಣವಾದಳು ಎಂದು ಬರೆದರೆ ನೀವು ನಂಬಬಾರದು. ಮೊದಲ ಸೋಮವಾರಗಳಲ್ಲಿ ಬರೀ ನಿದ್ದೆ. ಆಮೇಲೆ ಕೆಲವು ವಾರ ಎಚ್ಚರವಾಗಿದ್ದು ಸೂರು ನೋಡುತ್ತಿದ್ದಳು. ಅದು ನನಗೆ ನಿದ್ದೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಊರ ಹೆಂಗಸರು ಬಾವಿಯ ಹತ್ತಿರ ನಕ್ಕರು. ನಕ್ಕವರಲ್ಲಿ ಒಂದಿಬ್ಬರು ಆಮೇಲೆ ಮೆಲ್ಲಗೆ ಬಂದು ಹೇಗೆ ಸಾಧಿಸಿದೆ ಎಂದು ಕೇಳಿಕೊಂಡು ಹೋದರು. ಮುತ್ಯಾನಂತೂ ಏನಾದರೂ ಹಿಡಿದರೆ ಅರ್ಧಕ್ಕೆ ಬಿಡುವವನಲ್ಲ. ಸೋಮವಾರ ಬೆಳಿಗ್ಗೆ ಗಡಿಯಾರದ ಲೋಲಕವನ್ನೂ ಹಿಡಿದು ನಿಲ್ಲಿಸಿಬಿಡುತ್ತಿದ್ದ. "ಅದೂ ದುಡದೈತಿ" ಎನ್ನುತ್ತಿದ್ದ. ಕಾಕಾ ಬಸ್ಸು ತಪ್ಪಿಸಿಕೊಂಡು ಗೋಳಾಡುತ್ತಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಕಾಕಾನ ನುಚ್ಚು ಎಷ್ಟು ಗಟ್ಟಿಯಾಯಿತೆಂದರೆ ಸೌಟು ಅದರಲ್ಲಿ ತಾನೇ ನೆಟ್ಟಗೆ ನಿಂತಿತು. ಅದನ್ನು ನೋಡಿ ಅವ್ವ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮರುದಿನ ಬೆಳಿಗ್ಗೆ ನಾನು ಹಾಸಿಗೆಯಲ್ಲೇ ಕೇಳಿದೆ: ರೊಟ್ಟಿಯ ಬಡಿತ ಹಳೆಯ ನಡೆಗೆ ಬಂದಿತ್ತು, ಜೊತೆಗೆ ಗುನುಗೂ ಇತ್ತು. ಎದ್ದರೆ ನಿಂತುಹೋದೀತೆಂದು ಹೊದಿಕೆಯೊಳಗೆ ಅಲುಗಾಡದೆ ಮಲಗಿದೆ.

ಈಗ ಕಳೆದ ಶನಿವಾರಕ್ಕೆ ಬರುತ್ತೇನೆ. ನಾನು ಗ್ಯಾಸು ಆರಿಸಿದೆ. ಆ ಸಪ್ಪಳಕ್ಕೆ ಸೊಸೆ ಬೆಚ್ಚಿಬಿದ್ದಳು.

"ಅತ್ತೀ, ತಪ್ಪಾತ್ರಿ. ಇನ್ನೊಮ್ಮಿ ಹಿಂಗ ಆಗೂದಿಲ್ರಿ. ನಾಳಿ ಐತವಾರ ಅಲ್ರಿ, ವಾರದ ಚಪಾತಿ ಹಿಟ್ಟು, ಕಾಯಿಪಲ್ಯಾ ಹೆಚ್ಚೂದು, ಮಸಾಲಿ, ಎಲ್ಲಾ ಒಮ್ಮಿಗೇ ಮುಗಿಸಿ ಫ್ರಿಜ್ಜಿನ್ಯಾಗ ಇಟ್ಟಬಿಡತೇನ್ರಿ."

ಐತವಾರ ಎರಡು ಪಟ್ಟು! ಅವಳು ಹೀಗೆ ಎಷ್ಟು ಐತವಾರ ದುಡಿದಿದ್ದಳೋ. ಫ್ರಿಜ್ಜು ತೆರೆದು ಉಂಡವರಲ್ಲಿ ನಾನೂ ಒಬ್ಬಳು. ಗದರಿಸಲು ಸದಾ ತಯಾರಿರುವ ನನ್ನ ನಾಲಗೆಗೆ ಪ್ರೀತಿಯ ಮಾತೊಂದನ್ನು ನೇರ ಹೇಳುವ ರೂಢಿ ಇಲ್ಲ. ನಮ್ಮ ಮನೆಯಲ್ಲಿ ಎತ್ತೂ ಇಲ್ಲ. ಎದುರಿಗಿದ್ದದ್ದು ಸುಟ್ಟ ಪಾತ್ರೆ. ಅದರ ಕಡೆಗೇ ತಿರುಗಿದೆ.

"ಬಸ್ಯಾ, ನಾಳಿ ಒಲಿ ಕಡಿ ಬರಬ್ಯಾಡಂತ ಹೇಳು ಈಕಿಗಿ. ಬಂದ್ರ ನನ್ನಂಥಾ ಕೆಟ್ಟಾಕಿ ಇಲ್ಲ ಅಂತನೂ ಹೇಳು."

ಪಾತ್ರೆಯ ಜೊತೆ ಮಾತಾಡುವ ಅತ್ತೆಯನ್ನು ಸೊಸೆ ನೋಡಿದ ಬಗೆಯಲ್ಲಿ, ಈಕೆಯನ್ನೇ ಎಲ್ಲಿಗಾದರೂ ಕರೆದೊಯ್ಯಬೇಕಾದೀತು ಎಂಬ ಅಳುಕಿತ್ತು. ಆಮೇಲೆ ಅವಳ ಕಣ್ಣು ತುಂಬಿತು. ಹೆಗಲ ಚೀಲವನ್ನು ಇಳಿಸಿ ಅಲ್ಲೇ ನೆಲದ ಮೇಲೆ ಕೂತಳು. ನಾನೂ ಮೊಣಕಾಲು ಹಿಡಿದುಕೊಂಡು ಹೇಗೋ ಅವಳ ಪಕ್ಕ ಕೂತೆ, ಬಸ್ಯಾ ಯಾರು ಎಂಬುದನ್ನು ಮೊದಲಿನಿಂದ ಹೇಳಿದೆ.

ಭಾನುವಾರ ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದರೂ ಮಗ-ಸೊಸೆಯ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಅಡುಗೆಮನೆಯಲ್ಲಿ ನನ್ನ ಮಗ, ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ನುಚ್ಚಿನ ಡಬ್ಬಿ ಹಿಡಿದು ನಿಂತಿದ್ದ.

"ಅವ್ವಾ! ಇದಕ್ಕ ನೀರು ಎಷ್ಟ ಹಾಕಬೇಕು?" ಎಂದು ಓಣಿಗೆ ಕೇಳುವಂತೆ ಕೂಗಿದ.

ನಾನು ಕೈ ಎತ್ತಿದೆ.

"ಸಣ್ಣಗ ಮಾತಾಡೋ. ಎತ್ತು ಮಲಗೈತಿ."