ಕಾರಿನ ನೆನಪಿನಲ್ಲಿದ್ದ ಇನ್ನೊಂದು ಕೀ

ಹಳೇ ಕಾರು ಕೊಳ್ಳುವವರಿಗೆ ಒಂದು ಮಾತು. ಟಯರು, ಬಾಗಿಲು ಆಮೇಲೆ ನೋಡಿ. ಮೊದಲು ಎರಡೂ ಕೀ ಕೇಳಿ. ಒಂದೇ ಇದ್ದರೆ ಅಲ್ಲೇ ದರ ಇಳಿಸಿ. ನಾನು ಹಾಗೇ ಮಾಡಿದ್ದೆ. ಉಪ್ಪುಂದದ ಹೆಂಗಸೊಬ್ಬರ ಕಾರು, ಅವರದೇ ಹೆಸರಿನಲ್ಲಿತ್ತು. "ಇನ್ನೊಂದ್ ಕೀ ಇಲ್ಲ" ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಕಾರಣ ನಾನು ಕೇಳಲಿಲ್ಲ. ಕೇಳಿದರೆ ಚೌಕಾಸಿ ಮಾಡುವ ಬಾಯಿ ಕಟ್ಟಿಹೋಗುತ್ತದೆ.

ಚಿಪ್ ಇರುವ ಕೀಗೆ ಶೋರೂಮಿನವರು ಹೇಳಿದ ದರಕ್ಕೆ ಒಂದು ಫ್ರಿಜ್ಜೇ ಬರುತ್ತಿತ್ತು. ಬ್ರಹ್ಮಾವರದ ಕೀ ಮಾಡುವವನು ಅದರ ಕಾಲುಭಾಗಕ್ಕೆ ಒಪ್ಪಿದ. ಸ್ಟಿಯರಿಂಗ್ ಕೆಳಗೆ ತನ್ನ ಯಂತ್ರ ಸಿಕ್ಕಿಸಿ ನೋಡಿದವನು ತಲೆ ಎತ್ತಿದ.

"ಹ್ವಾಯ್, ಗಾಡಿ ನೆನಪಂಗೆ ಎರಡ್ ಕೀ ಇತ್ತಲೆ ಮಾರಾಯ್ರೆ. ಇನ್ನೊಂದ್ ಯಾರತ್ರ ಇತ್ತ್?"

"ಇಲ್ಲ ಅಂದ್ರ್. ಕಳ್ದ್ ಹೋಯ್ತೋ ಏನೋ."

"ಕಳ್ದ್ರೂ ಅದ್ ಸಾಯುದಿಲ್ಲ. ಚಿಪ್‌ಗೆ ಬ್ಯಾಟ್ರಿ ಬೇಡ. ಹತ್ ವರ್ಷ ಬಿಟ್ ತಂದ್ ತಿರ್ಗ್ಸಿರೂ ಗಾಡಿ ಚಾಲೂ ಆತ್ತ್. ಅಳ್ಸಿ ಬಿಡ್ಲಾ?"

ಆ ಕೀ ಹುಡುಕಿ ತಂದರೆ ಖರ್ಚೇ ಇಲ್ಲವಲ್ಲ ಎಂದು ನನಗೆ ಆಸೆ ಹುಟ್ಟಿತು. ಸಂಜೆಗೆ ಬರುತ್ತೇನೆಂದು ಹೇಳಿ ನೇರ ಉಪ್ಪುಂದಕ್ಕೆ ಹೋದೆ.

"ಅಕ್ಕ, ಆ ಇನ್ನೊಂದ್ ಕೀ ಮನೆಯಂಗೆ ಎಲ್ಲಾದ್ರೂ ಇತ್ತಾ ಕಾಣಿ."

"ಮನೆಯಂಗಿಲ್ಲ. ಅವ್ರ್ ಕಿಸಿಯಂಗಿತ್ತ್."

'ಅವ್ರ್' ಎಂದರೆ ಅವರ ಗಂಡ. ಕೋಡಿ ಎಂಬ ಕಡಲತಡಿಯಲ್ಲಿ ಮೀನಿಗೆ ಹೋಗುವವರೆಲ್ಲ ಗಾಡಿ ಕೀಯನ್ನು ದಡದ ಚಾ ಅಂಗಡಿಯ ಮೊಳೆಗೆ ನೇತುಹಾಕಿಯೇ ದೋಣಿ ಹತ್ತುತ್ತಿದ್ದರಂತೆ. ಅವತ್ತು ಗಡಿಬಿಡಿಯಲ್ಲಿ ಆತ ಕಿಸೆಗೆ ಹಾಕಿಕೊಂಡು ಹೊರಟರು. ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಆತನ ದೇಹವೂ ಸಿಗಲಿಲ್ಲ. ಕಾರು ತಿಂಗಳುಗಟ್ಟಲೆ ದಡದಲ್ಲೇ ನಿಂತಿತ್ತು.

ಕೀ ಅಳಿಸುವ ವಿಷಯ ನನ್ನ ಬಾಯಿಯಿಂದ ಜಾರಿತು.

"ಅಳ್ಸ್‌ಬೇಡಿ," ಎಂದರು. "ಸತ್ತವ್ರ್ ಕಾರ್ಯ ಮಾಡಿ ಮುಗ್ಸಿ ಅಂತ್ರ್ ಎಲ್ಲರೂ. ನಾ ಮಾಡ್ಲಿಲ್ಲ. ಅವ್ರ್ ಬಂದ್ರೆ ಆ ಗಾಡಿ ಒಂದಾರೂ ಅವ್ರ್ ಗುರ್ತ ಹಿಡೀಕಲ್ದಾ?"

ವಾಪಸು ಬರುವಾಗ ಮೀನು ಕೊಳ್ಳಲು ಕೋಡಿಯಲ್ಲಿ ಇಳಿದೆ. ಮಟಮಟ ಮಧ್ಯಾಹ್ನ. ಲಾಕ್ ಮಾಡಿ, ಬಾಗಿಲು ಎಳೆದು ನೋಡಿ, ಕೀಯ ಬಳೆಗೆ ಬೆರಳು ತೂರಿಸಿ ನಡೆದೆ. ಇಪ್ಪತ್ತು ಹೆಜ್ಜೆಯೂ ಆಗಿರಲಿಲ್ಲ, ಹಿಂದೆ ಟಕ್ ಎಂದು ಲಾಕ್ ಬಿಚ್ಚಿಕೊಂಡ ಸದ್ದು. ಲೈಟು ಎರಡು ಸಲ ಮಿನುಗಿತು. ನಾನು ಬಟನ್ ಮುಟ್ಟಿಲ್ಲ. ಬಟನ್ನಿಗೆ ಬ್ಯಾಟರಿ ಬೇಕು, ಉಪ್ಪುನೀರಿನಲ್ಲಿ ಅದು ಉಳಿಯುವುದಿಲ್ಲ ಎಂದು ನನಗೂ ಗೊತ್ತು. ಸುತ್ತ ಯಾರೂ ಇರಲಿಲ್ಲ.

ಬಾಗಿಲು ತೆಗೆಯದೆ ಬಿಟ್ಟರೆ ಆ ಕಾರು ಅರ್ಧ ನಿಮಿಷದಲ್ಲಿ ತಾನೇ ಮತ್ತೆ ಲಾಕ್ ಆಗುತ್ತದೆ. ನಿಂತು ಕಾದೆ. ಆಗಲಿಲ್ಲ. ಯಾರೋ ಬಾಗಿಲು ತೆಗೆದು ಒಳಗೆ ಕೂತರೆ ಮಾತ್ರ ಅದು ಲಾಕ್ ಆಗದೆ ಉಳಿಯುವುದು.

ಮೀನು ಕೊಳ್ಳಲಿಲ್ಲ. ಅಳಿಸಿಬಿಡು ಎಂದು ಹೇಳುವುದನ್ನೇ ಮನಸ್ಸಿನಲ್ಲಿ ಉರುಹೊಡೆಯುತ್ತಾ ಬ್ರಹ್ಮಾವರ ಮುಟ್ಟಿದೆ. ಕೀ ಮಾಡುವವನು ಯಂತ್ರದ ಮೇಲೆ ಬೆರಳಿಟ್ಟು ಕೇಳಿದ:

"ಎಂತ, ಅಳ್ಸ್ಲಾ?"

"ಬೇಡ. ಅದ್ ಇರ್ಲಿ. ಹೊಸ್ದೊಂದ್ ಸೇರ್ಸ್."

"ಯಾರಾರೂ ಬಂದ್ ಗಾಡಿ ತಕಂಡ್ ಹೋದ್ರೆ?"

"ಅವ್ರ್ ತಕಂಡ್ ಹೋದ್ರೆ ಹೋಯ್ಲಿ."

ಅವನು ನನ್ನ ಮುಖ ನೋಡಿ ಹೊಸ ಕೀ ತಿರುಗಿಸಿದ. ಮನೆ ಮುಟ್ಟುವ ತನಕ ನಾನು ಪಕ್ಕದ ಸೀಟಿನ ಕಡೆ ನೋಡಲಿಲ್ಲ.